ಯಾರೂ ಮಾತಾಡಿಸದ ಎಂಜಿನಿಯರ್

ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾವು ನಾಲ್ವರು ಆರಿಸಿಕೊಂಡಿದ್ದು ನದಿಯ ನೆರೆ. ಸಾಫ್ಟ್‌ವೇರ್‌ಗೆ ಅಂಕಿಅಂಶ ತುಂಬಿ ಬಟನ್ ಒತ್ತಿದರೆ ನೀರು ಎಲ್ಲಿಯವರೆಗೆ ನುಗ್ಗುತ್ತದೆ ಎಂದು ನಕ್ಷೆ ನೀಲಿಯಾಗಿ ತೋರಿಸುತ್ತಿತ್ತು. ಮೊದಲ ರಿವ್ಯೂನಲ್ಲಿ, ಒಳಗಿರುವ ಸಮೀಕರಣ ಯಾವುದು ಎಂದು ಮೇಷ್ಟ್ರು ಕೇಳಿದರು. ಸೇಂಟ್ ವೆನೆಂಟ್ ಎಂದೆ. ಆತ ಯಾರು ಎಂದಾಗ ಬಾಯಿ ಕಟ್ಟಿತು. ಅವತ್ತು ರಾತ್ರಿ ಓದಲು ಕೂತೆ.

ಫ್ರೆಂಚರ ಬಾಯಲ್ಲಿ ಅದು ಸ್ಯಾಂ ವೆನಾಂ. ಹುಟ್ಟಿದ್ದು 1797ರಲ್ಲಿ. 16ನೇ ವಯಸ್ಸಿಗೇ ಪ್ಯಾರಿಸ್‌ನ ಎಕೋಲ್ ಪಾಲಿಟೆಕ್ನಿಕ್ ಸೇರಿದ. 1814ರಲ್ಲಿ ಶತ್ರುಸೇನೆ ಊರ ಬಾಗಿಲಿಗೆ ಬಂದಾಗ ವಿದ್ಯಾರ್ಥಿಗಳನ್ನೂ ರಕ್ಷಣೆಗೆ ಕರೆದರು. ನೆಪೋಲಿಯನ್ ಅಕ್ರಮವಾಗಿ ಗದ್ದುಗೆ ಏರಿದವನು, ಅವನಿಗಾಗಿ ಹೋರಾಡಲು ಮನಸ್ಸಾಕ್ಷಿ ಒಪ್ಪದು ಎಂದು ಈ ಹುಡುಗ ಸಾಲು ಬಿಟ್ಟು ಹೊರಬಂದ. ಕಾಲೇಜು ಕೈತಪ್ಪಿತು. ಮುಂದೆ ವರ್ಷಗಟ್ಟಲೆ ಸಿಡಿಮದ್ದಿನ ಇಲಾಖೆಯಲ್ಲಿ ನೌಕರಿ. 1823ರಲ್ಲಿ ಸೇತುವೆ-ರಸ್ತೆಗಳ ಎಂಜಿನಿಯರಿಂಗ್ ಕಾಲೇಜಿಗೆ ಸೇರಲು ಸರ್ಕಾರ ಅನುಮತಿ ಕೊಟ್ಟಿತು. ಆದರೆ ಸಹಪಾಠಿಗಳು ಎರಡು ವರ್ಷ ಮಾತಾಡಿಸಲಿಲ್ಲ, ಬೆಂಚಿನಲ್ಲಿ ಪಕ್ಕ ಕೂರಲೂ ಇಲ್ಲ. ರೂಮ್‌ಮೇಟ್ ಒಂದು ದಿನ ಮುನಿಸಿಕೊಂಡರೇ ನನಗೆ ಊಟ ಸೇರುವುದಿಲ್ಲ. ಆತ ತರಗತಿಗೇ ಮೊದಲಿಗನಾಗಿ ಹೊರಬಂದ.

ಸ್ನಿಗ್ಧ ದ್ರವಗಳ ಚಲನೆಯ ಸಮೀಕರಣವನ್ನು 1843ರಲ್ಲೇ, ಸ್ಟೋಕ್ಸ್‌ಗಿಂತ ಎರಡು ವರ್ಷ ಮೊದಲೇ, ಸರಿಯಾಗಿ ಕಟ್ಟಿಕೊಟ್ಟ. ಅದಕ್ಕೆ ನಾವಿಂದು ನೇವಿಯರ್-ಸ್ಟೋಕ್ಸ್ ಎನ್ನುತ್ತೇವೆ. ಅನ್ಯಾಯವೇ!

ನಮ್ಮ ಪ್ರಾಜೆಕ್ಟ್‌ನ ಸಮೀಕರಣ ಬಂದಿದ್ದು 1871ರಲ್ಲಿ, ಆತ ಎಪ್ಪತ್ತು ದಾಟಿದ ಮೇಲೆ. ಪೈಪಿನ ನೀರಿಗೆ ಗೋಡೆ ಎಲ್ಲಿದೆ ಎಂಬುದು ಗೊತ್ತು. ನದಿಗೆ ಮೇಲಿನ ಗಡಿಯೇ ನೀರಿನ ಮೈ, ಅದು ಏರಿಳಿಯುತ್ತಲೇ ಇರುತ್ತದೆ. ಹರಿವು ತಿಳಿಯಲು ಗಡಿ ಗೊತ್ತಿರಬೇಕು, ಗಡಿ ತಿಳಿಯಲು ಹರಿವು ಗೊತ್ತಿರಬೇಕು. ಸ್ಯಾಂ ವೆನಾಂ ಯೋಚನೆ ಸರಳ: ನೆರೆಯ ಅಲೆ ಕಿಲೋಮೀಟರ್‌ಗಟ್ಟಲೆ ಉದ್ದ, ಆಳ ಕೆಲವೇ ಮೀಟರ್. ಹಾಗಾಗಿ ಮೇಲೆ-ಕೆಳಗಿನ ಚಲನೆ ಬಿಡೋಣ, ಒತ್ತಡ ನಿಂತ ನೀರಿನಂತೆಯೇ ಇದೆ ಎನ್ನೋಣ, ನದಿಯ ಪ್ರತಿ ಅಡ್ಡಕೊಯ್ತಕ್ಕೂ ಒಂದು ಸರಾಸರಿ ವೇಗ ಸಾಕು. ಉಳಿದಿದ್ದು ಎರಡೇ ಅಜ್ಞಾತಗಳು, ಆಳ ಮತ್ತು ವೇಗ. ಒಂದು ಸಮೀಕರಣ ಬಂದ ನೀರು, ಹೋದ ನೀರಿನ ಲೆಕ್ಕ. ಇನ್ನೊಂದು ಬಲಗಳದ್ದು: ಇಳಿಜಾರು ಎಳೆಯುತ್ತದೆ, ತಳದ ಘರ್ಷಣೆ ತಡೆಯುತ್ತದೆ. ಓಡಾಡುವ ಗಡಿ ಆಳ ಎಂಬ ಒಂದೇ ಅಕ್ಷರವಾಗಿ ಕೈಗೆ ಸಿಕ್ಕಿತು. ಅಣೆಕಟ್ಟು ಒಡೆದ ಜಾಗದಲ್ಲೇ ಕಡಿದಾಗಿ ಬೀಳುವ ನೀರಿಗೆ ಈ ಊಹೆ ಒಗ್ಗದು, ಅದು ಬೇರೆ ಮಾತು.

1886ರಲ್ಲಿ ಆತ ತೀರಿಕೊಂಡಾಗ ವಯಸ್ಸು 88. ಎರಡನೇ ರಿವ್ಯೂನಲ್ಲಿ ಮೇಷ್ಟ್ರು ಆ ಪ್ರಶ್ನೆ ಮತ್ತೆ ಕೇಳಲೇ ಇಲ್ಲ. ನಾನೇ ಹೇಳಿದೆ.