ಗಂಜಾಮಿನ ದೊಡ್ಡಸ್ವಾಮಿಯವರು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಪ್ರಾಂತದ ಕಥೋಲಿಕ ವಿಶ್ವಾಸಿಗಳು ಕೃತಜ್ಞತೆಯಿಂದ ಸ್ಮರಿಸಬೇಕಾದ ಗುರುಗಳಲ್ಲಿ ವಂದನೀಯ ಅಬ್ಬೆ ದುಬ್ವಾ ಪ್ರಮುಖರು. ಇಲ್ಲಿನ ಜನ ಅವರನ್ನು ದೊಡ್ಡಸ್ವಾಮಿಯವರೆಂದೇ ಕರೆದರು.

ದಕ್ಷಿಣ ಫ್ರಾನ್ಸಿನಲ್ಲಿ ಜನಿಸಿದ ಝಾನ್ ಆಂತ್ವಾನ್ ದುಬ್ವಾ 1792ರಲ್ಲಿ ಗುರುದೀಕ್ಷೆ ಪಡೆದರು. ಆಗ ಅವರ ನಾಡಿನಲ್ಲಿ ಮಹಾಕ್ರಾಂತಿಯ ಜ್ವಾಲೆ ಧರ್ಮಸಭೆಯನ್ನೂ ಆವರಿಸಿತ್ತು. ಅದೇ ವರ್ಷ ಪ್ಯಾರಿಸಿನ ವಿದೇಶ ಧರ್ಮಪ್ರಚಾರ ಸಂಸ್ಥೆಯ ಮೂಲಕ ಅವರು ಭಾರತಕ್ಕೆ ಹೊರಟರು. ಇಲ್ಲಿಗೆ ಬಂದ ಮೇಲೆ ಈ ನೆಲದ ಉಡುಗೆತೊಡುಗೆಯನ್ನೂ ನಡೆನುಡಿಯನ್ನೂ ತಮ್ಮದಾಗಿಸಿಕೊಂಡರು.

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಿಸಿದ್ದನು. ಹಲವರು ದಾರಿಯಲ್ಲೇ ಮಡಿದರು. ಅನೇಕರು ಬಲವಂತದ ಮತಾಂತರಕ್ಕೆ ಒಳಗಾದರು. 1799ರಲ್ಲಿ ಪಟ್ಟಣ ಬಿದ್ದಾಗ ಉಳಿದದ್ದು ಗುರುವಿಲ್ಲದ, ಚದುರಿದ ಮಂದೆ. ಅದನ್ನು ಮತ್ತೆ ಒಟ್ಟುಗೂಡಿಸುವ ಹೊಣೆ ದುಬ್ವಾ ಅವರ ಪಾಲಿಗೆ ಬಂತು. ಬಲವಂತಕ್ಕೆ ಅಷ್ಟೊಂದು ಜನ ಮಣಿದರೆಂಬ ವ್ಯಥೆಯನ್ನು ಅವರು ತಮ್ಮ ಬರಹದಲ್ಲಿ ಮರೆಮಾಚಲಿಲ್ಲ. ಆದರೂ ಮರಳಿ ಬಂದವರನ್ನು ಧರ್ಮಸಭೆಯ ಮಡಿಲಿಗೆ ಸೇರಿಸಿಕೊಂಡರು. ಗಂಜಾಮಿನಲ್ಲಿ ಅವರು ಕಟ್ಟಿಸಿದ ದೇವಾಲಯ ಆ ಪುನರುತ್ಥಾನದ ಸಾಕ್ಷಿಯಾಗಿ ನಿಂತಿದೆ.

ಅವರ ಸೇವೆ ದೇವಾಲಯದ ಗೋಡೆಗಳೊಳಗೆ ನಿಲ್ಲಲಿಲ್ಲ. ನೆಲೆ ಕಳೆದುಕೊಂಡ ಬಡ ಕುಟುಂಬಗಳಿಗಾಗಿ ಹಾಸನ ಸೀಮೆಯ ಸಾತಹಳ್ಳಿಯಲ್ಲಿ ಬೇಸಾಯದ ನೆಲೆ ಕಲ್ಪಿಸಿದರು. ಜೆನ್ನರ್ ಮಹಾಶಯರು ಕಂಡುಹಿಡಿದ ಸಿಡುಬಿನ ದಾಕು 1802ರಲ್ಲಿ ಭಾರತವನ್ನು ಮುಟ್ಟಿತು. ಜನ ಅದಕ್ಕೆ ಅಂಜುತ್ತಿದ್ದ ಆ ದಿನಗಳಲ್ಲಿ, 1803-04ರ ಕೆಲವೇ ತಿಂಗಳುಗಳಲ್ಲಿ, ದುಬ್ವಾ ಅವರು 25,432 ಮಂದಿಗೆ ದಾಕು ಹಾಕಿಸಿದರೆಂದು ದಾಖಲೆಯಿದೆ. ಹಿಂದೂ ಜನರ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಗಿ ಲೋಕವಿಖ್ಯಾತವಾಯಿತು.

ಆದರೆ ಕೀರ್ತಿ ಬಂದಂತೆ ಫಲ ಬರಲಿಲ್ಲ. ಮೂವತ್ತು ವರ್ಷ ದುಡಿದರೂ ಕ್ರೈಸ್ತಧರ್ಮ ಈ ನಾಡಿನಲ್ಲಿ ತಾವು ಬಯಸಿದಂತೆ ಹಬ್ಬಲಿಲ್ಲವೆಂಬ ನಿರಾಶೆ ಅವರನ್ನು ಕಾಡಿತು. 1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಸಂಗ್ರಹದಲ್ಲಿ ಆ ನಿರಾಶೆಯನ್ನು ಮುಚ್ಚುಮರೆಯಿಲ್ಲದೆ ಬರೆದರು. ಅದನ್ನೋದಿ ಇತರ ಧರ್ಮಪ್ರಚಾರಕರು ಅವರನ್ನು ಕಟುವಾಗಿ ಖಂಡಿಸಿದರು.

ಇಂಥ ಮನಸ್ಸಿನಿಂದ ಮರಳಿದವರು ಉಳಿದ ದಿನಗಳನ್ನು ವಿಶ್ರಾಂತಿಯಲ್ಲಿ ಕಳೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ದುಬ್ವಾ ಅವರು ಹಾಗೆ ಮಾಡಲಿಲ್ಲ. ತಮ್ಮನ್ನು ಕಳುಹಿಸಿದ್ದ ಪ್ಯಾರಿಸಿನ ಗುರುಮಠಕ್ಕೇ ಹಿಂದಿರುಗಿ, ದೂರದೇಶಗಳಿಗೆ ಹೊರಡಲಿದ್ದ ತರುಣರನ್ನು ಸಿದ್ಧಗೊಳಿಸುವ ಕಾರ್ಯಕ್ಕೆ ನಿಂತರು. 1836ರಿಂದ 1839ರವರೆಗೆ ಅದರ ಶ್ರೇಷ್ಠಾಧಿಕಾರಿಯಾಗಿದ್ದರು. 1848ರ ಫೆಬ್ರವರಿ 17ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಗುರುದೀಕ್ಷೆ ಪಡೆದು ಆಗ ಐವತ್ತಾರು ವರ್ಷಗಳಾಗಿದ್ದವು.

ಶತಮಾನೋತ್ಸವದ ಈ ಸಂಭ್ರಮದಲ್ಲಿ ನಾವು ಅವರನ್ನು ನೆನೆಯುವುದು ಅವರು ಕೊಯ್ದ ಬೆಳೆಗಾಗಿ ಅಲ್ಲ. ಬೆಳೆ ಕೈಸೇರಲಿಲ್ಲವೆಂದು ಕೊರಗಿದಾಗಲೂ ಅವರು ನೇಗಿಲಿನಿಂದ ಕೈ ತೆಗೆಯಲಿಲ್ಲ. ಪ್ರಾರ್ಥನೆ ಫಲಿಸದಂತೆ, ಸೇವೆ ವ್ಯರ್ಥವಾದಂತೆ ತೋರುವ ದಿನಗಳು ನಮ್ಮ ಮನೆಗಳಲ್ಲೂ ಬರುತ್ತವೆ. ಅಂಥ ದಿನ ಗಂಜಾಮಿನ ದೊಡ್ಡಸ್ವಾಮಿಯವರ ಬಾಳು ನಮ್ಮನ್ನು ಸ್ಥಿರಪಡಿಸಲಿ.