ಹೆರ್ಮನ್ ಮೋಗ್ಲಿಂಗರೂ ಮಂಗಳೂರಿನ ಕಲ್ಲಚ್ಚೂ

ಸಾತನೂರಿನಿಂದ ಕನಕಪುರದ ಕಡೆಗೆ ಹೋದರೂ ರಾಮನಗರದ ಕಡೆಗೆ ಹೋದರೂ ದಾರಿಯುದ್ದಕ್ಕೂ ನಮ್ಮ ಕಣ್ಣಿಗೆ ಬೀಳುವುದು ಬಂಡೆಯೇ. ಯಾವ ಕಲ್ಲು ಚಪ್ಪಡಿಗೆ ಬರುವುದು, ಯಾವುದು ಜಲ್ಲಿಗೆ ಮಾತ್ರ ತಕ್ಕದ್ದು, ಎಲ್ಲಿ ಉಳಿಯನ್ನಿಟ್ಟರೆ ಅದು ನೆಟ್ಟಗೆ ಸೀಳುವುದು ಎಂಬುದನ್ನು ಈ ಸೀಮೆಯವರಿಗೆ ಹೊರಗಿನವರು ಬಂದು ಕಲಿಸಬೇಕಾದದ್ದಿಲ್ಲ. ಆದರೆ ಕಲ್ಲಿನಿಂದ ಪುಸ್ತಕವಾಗುವುದುಂಟೇ ಎಂದು ಕೇಳಿದರೆ ನಮ್ಮಲ್ಲಿ ನಕ್ಕುಬಿಡುವವರೇ ಹೆಚ್ಚು. ಆಗುವುದುಂಟು. ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯು ಕಲ್ಲಿನ ಮೇಲೆಯೇ ಹುಟ್ಟಿತು. ಅದನ್ನು ಹುಟ್ಟಿಸಿದ ಹೆರ್ಮನ್ ಮೋಗ್ಲಿಂಗರ ಚರಿತ್ರೆಯನ್ನೂ, ಅವರು ದುಡಿದ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದ ಚರಿತ್ರೆಯನ್ನೂ ನಾವು ಈ ತಿಂಗಳು ಹೇಳಬೇಕೆಂದಿದ್ದೇವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದು ಆಗದ ಕೆಲಸ.

ಮೋಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ನೆಯ ಇಸವಿ ಮೇ 29ರಂದು ಹುಟ್ಟಿದರು. ಅದು ದ್ರಾಕ್ಷಾತೋಟಗಳ ನಾಡು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಕಲಿತ ಅವರು ಬಯಸಿದ್ದರೆ ಸ್ವಂತ ನಾಡಿನಲ್ಲಿಯೇ ಒಂದು ಸಭೆಗೆ ಪಾಲಕರಾಗಿ, ಬೆಚ್ಚಗಿನ ಮನೆಯಲ್ಲಿ ಮುಪ್ಪಾಗಬಹುದಾಗಿತ್ತು. ಹಾಗೆ ಮಾಡದೆ, ಸ್ವಿಸ್ ದೇಶದಲ್ಲಿ ರೈನ್ ನದಿಯ ದಡದ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾಗಿದ್ದ ಮಿಶನನ್ನು ಸೇರಿ, 1836ರಲ್ಲಿ ಮಂಗಳೂರಿಗೆ ಬಂದರು. ಅವರಿಗಿಂತ ಎರಡು ವರುಷ ಮುಂಚೆ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಅದೇ ತೀರದಲ್ಲಿ ಇಳಿದಿದ್ದರು. ಬಂದವರು ಮೊದಲು ಮಾಡಬೇಕಾದ ಕೆಲಸವು ಭಾಷೆ ಕಲಿಯುವುದೇ. ಮಂಗಳೂರಿನಲ್ಲಿ ಮನೆಯಿಂದ ಮನೆಗೆ ಮಾತು ಬದಲಾಗುತ್ತದೆ. ಒಂದು ಬೀದಿಯಲ್ಲಿ ತುಳು, ಇನ್ನೊಂದರಲ್ಲಿ ಕೊಂಕಣಿ, ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ. ಮೋಗ್ಲಿಂಗರು ಕನ್ನಡವನ್ನು ಹಿಡಿದರು, ಮತ್ತು ಬಿಡಲಿಲ್ಲ. 1840ರಲ್ಲಿ ಅವರು ಉಪದೇಶಿಗಳನ್ನು ಸಿದ್ಧಮಾಡುವುದಕ್ಕಾಗಿ ಒಂದು ಶಾಲೆಯನ್ನು ತೆರೆದರು. ಶಾಲೆಯೇನೋ ಆಯಿತು, ಹುಡುಗರ ಕೈಗೆ ಕೊಡುವುದಕ್ಕೆ ಪುಸ್ತಕ ಎಲ್ಲಿ?

ಆ ಕಾಲದಲ್ಲಿ ಕನ್ನಡ ಪುಸ್ತಕವೆಂದರೆ ಬಹುಮಟ್ಟಿಗೆ ಓಲೆಗರಿಯ ಕಟ್ಟು. ಅಚ್ಚು ಇರಲಿಲ್ಲವೆಂದಲ್ಲ. ದೂರದ ಬಂಗಾಳದ ಶ್ರೀರಾಮಪುರದಲ್ಲಿ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿಯೇ ಅಚ್ಚಾಗಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಶನಿನ ಹ್ಯಾಂಡ್ಸ್ ಮೊದಲಾದವರ ಪ್ರಯಾಸದಿಂದ ಸತ್ಯವೇದವೆಲ್ಲವೂ 1831ರ ವೇಳೆಗೆ ಕನ್ನಡದಲ್ಲಿ ಬಂದಿತ್ತು. ನಮ್ಮ ಸೀಮೆಗೆ ಹತ್ತಿರವಾದ ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಶನಿನವರು 1840ರ ಸುಮಾರಿಗೆ ಅಚ್ಚುಕೂಟವನ್ನಿಟ್ಟರು. ಆದರೆ ಸೀಸದ ಮೊಳೆಗಳಿಂದ ಕನ್ನಡವನ್ನು ಅಚ್ಚುಹಾಕುವುದು ಎಷ್ಟು ಕಷ್ಟವೆಂಬುದನ್ನು ಇಂಗ್ಲಿಷಿನೊಡನೆ ಹೋಲಿಸಿ ನೋಡಿದರೆ ತಿಳಿಯುವುದು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಎರಡು ತರಹ. ಕನ್ನಡದಲ್ಲಿ ಒಂದು ಕಕಾರಕ್ಕೇ ಒಂದು ಗುಣಿತದ ಸಾಲು. ಅದರ ಅಡಿಯಲ್ಲಿ ಒತ್ತು. ಒತ್ತಿನಡಿಯಲ್ಲಿ ಮತ್ತೊಂದು ಒತ್ತು. ಇವಕ್ಕೆಲ್ಲಾ ಬೇರೆ ಬೇರೆ ಮೊಳೆ ಎರಕಹೊಯ್ಯಬೇಕು, ಅವುಗಳನ್ನು ಗೂಡುಗೂಡಾಗಿ ವಿಂಗಡಿಸಿಡಬೇಕು, ಒಂದೊಂದಾಗಿ ಆರಿಸಿ ಜೋಡಿಸಬೇಕು. ಬಡ ಮಿಶನಿಗೆ ಇದು ಎಟುಕುವ ಮಾತಾಗಿರಲಿಲ್ಲ.

ಆದಕಾರಣ ಅವರು ಕಲ್ಲಿನ ಮೊರೆಹೊಕ್ಕರು. ಮೋಗ್ಲಿಂಗರ ಬಂಧುವೂ ಜೊತೆಗೆಲಸದವರೂ ಆಗಿದ್ದ ವೈಗಲ್ ಅಯ್ಯನವರು 1841ರಲ್ಲಿ ಮುಂಬಯಿಯಿಂದ ಒಂದು ಕಲ್ಲಚ್ಚಿನ ಯಂತ್ರವನ್ನೂ, ಅದನ್ನು ನಡಿಸಬಲ್ಲ ಮರಾಠಿ ಕೆಲಸಗಾರರನ್ನೂ ತಂದರು. ಬಾಸೆಲ್ ಮಿಶನ್ ಅಚ್ಚುಕೂಟವು ಹೀಗೆ ಆರಂಭವಾಯಿತು. ಗ್ರೈನರ್ ಅಯ್ಯನವರು ತುಳುವಿಗೆ ತಿರುಗಿಸಿದ ಮತ್ತಾಯನ ಸುವಾರ್ತೆಯು 1842ರಲ್ಲಿ ಅಲ್ಲಿಂದ ಹೊರಟಿತು.

ಕಲ್ಲಚ್ಚಿನ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವೆವು. ಕಲ್ಲನ್ನು ಬಲ್ಲ ನಮ್ಮ ವಾಚಕರಿಗೆ ಇದು ರುಚಿಸುವುದೆಂದು ನಂಬುತ್ತೇವೆ. ಇದನ್ನು ಕಂಡುಹಿಡಿದವನು ಜರ್ಮನಿಯ ಬವೇರಿಯ ಸೀಮೆಯ ಸೆನೆಫೆಲ್ಡರ್ ಎಂಬವನು. 1800ಕ್ಕಿಂತ ಸ್ವಲ್ಪ ಮುಂಚೆ. ತಾಯಿಯು ಅಗಸಗಿತ್ತಿಗೆ ಹಾಕುವ ಬಟ್ಟೆಗಳ ಲೆಕ್ಕವನ್ನು ಬರೆದುಕೊಳ್ಳಹೇಳಿದಾಗ ಕೈಗೆ ಕಾಗದ ಸಿಕ್ಕದೆ ಕಲ್ಲಿನ ಮೇಲೆ ಬರೆದೆನೆಂದೂ, ಅಲ್ಲಿಂದ ಈ ಯೋಚನೆ ಹುಟ್ಟಿತೆಂದೂ ಆತನೇ ತಿಳಿಸಿದ್ದಾನೆ. ಈ ಕೆಲಸಕ್ಕೆ ನಮ್ಮ ಬೆಟ್ಟಗಳ ಗಡಸು ಬಂಡೆ ಬರುವುದಿಲ್ಲ. ಬವೇರಿಯದಲ್ಲಿ ಸಿಕ್ಕುವ, ಸುಣ್ಣಕಲ್ಲಿನ ಜಾತಿಯ, ಬೆಣ್ಣೆಯಷ್ಟು ನುಣ್ಣಗೆ ಉಜ್ಜಬಹುದಾದ ಕಲ್ಲು ಬೇಕು. ಅದು ನೀರನ್ನೂ ಹೀರುವುದು, ಜಿಡ್ಡನ್ನೂ ಹಿಡಿಯುವುದು. ಒಳ್ಳೆಯ ಕೈಬರಹದವನೊಬ್ಬನು ಜಿಡ್ಡಿನ ಮಸಿಯಿಂದ ಕಾಗದದ ಮೇಲೆ ಬರೆಯುವನು. ಆ ಕಾಗದವನ್ನು ಕಲ್ಲಿನ ಮೇಲೆ ಮಗುಚಿ ಒತ್ತಿದರೆ ಬರಹವು ಕಲ್ಲಿಗೆ ಹತ್ತುವುದು. ಆಮೇಲೆ ಕಲ್ಲನ್ನು ನೀರಿನಿಂದ ತೇವಮಾಡಿ ಮಸಿಯ ಉರುಳೆಯನ್ನು ಉರುಳಿಸುವರು. ನೀರಿದ್ದ ಕಡೆಯಲ್ಲಿ ಮಸಿ ನಿಲ್ಲದು, ಜಿಡ್ಡಿದ್ದ ಅಕ್ಷರಗಳಲ್ಲಿ ಮಾತ್ರ ನಿಲ್ಲುವುದು. ಕಾಗದವನ್ನಿಟ್ಟು ಒತ್ತಿದರೆ ಒಂದು ಪ್ರತಿ. ಮತ್ತೆ ನೀರು, ಮತ್ತೆ ಮಸಿ, ಮತ್ತೊಂದು ಪ್ರತಿ. ಒತ್ತೂ ಇಲ್ಲ ಮೊಳೆಯೂ ಇಲ್ಲ. ಬರೆಯುವವನ ಕೈಗೆ ಬಂದದ್ದೆಲ್ಲಾ ಕಲ್ಲಿಗೂ ಬರುವುದು. ಪ್ರತಿಗಳು ಸಾಕಾದ ಮೇಲೆ ಕಲ್ಲನ್ನು ಉಜ್ಜಿ ಬರಹವನ್ನು ಅಳಿಸಿ ಇನ್ನೊಂದು ಪುಟಕ್ಕೆ ಅದನ್ನೇ ಉಪಯೋಗಿಸುವರು. ಇದೇ ಅದರ ಕುಂದು: ಎರಡನೆಯ ಸಾರಿ ಅಚ್ಚು ಬೇಕಾದರೆ ಮೊದಲಿನಿಂದ ಬರೆಯಲೇಬೇಕು.

ಇಂಥ ಕಲ್ಲಿನ ಮೇಲೆ ಮೋಗ್ಲಿಂಗರು 1843ನೆಯ ಇಸವಿ ಜುಲೈ 1ರಂದು ಮಂಗಳೂರು ಸಮಾಚಾರವನ್ನು ಅಚ್ಚುಹಾಕಿಸಿದರು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಪಾದ್ರಿಯ ಪತ್ರಿಕೆಯಾದದರಿಂದ ಅದರಲ್ಲಿ ಪ್ರಸಂಗಗಳೇ ತುಂಬಿದ್ದುವೆಂದು ಯಾರಾದರೂ ಎಣಿಸಿದರೆ ಅದು ತಪ್ಪು. ಊರ ವರ್ತಮಾನ, ಸರಕಾರದ ಹೊಸ ನಿರೂಪಗಳು, ಪರದೇಶಗಳ ಸುದ್ದಿ, ಕಥೆ, ಬುದ್ಧಿವಾದ, ಇವುಗಳೊಡನೆ ಪುರಂದರದಾಸರ ಪದಗಳು ಸಹ ಬಂದವು. ಆವರೆಗೆ ಸರಕಾರದ ಅಪ್ಪಣೆಯು ಹಳ್ಳಿಯ ರೈತನಿಗೆ ಮುಟ್ಟುತ್ತಿದ್ದುದು ಶಾನುಭೋಗನ ಬಾಯಿಂದ. ಆತನು ಹೇಳಿದಷ್ಟು, ಹೇಳಿದ ಹಾಗೆ. ಒಂದು ದುಡ್ಡಿಗೆ ಅದೇ ಅಪ್ಪಣೆಯನ್ನು ಸ್ವಂತ ಕಣ್ಣಿನಿಂದ ಓದಬಹುದಾಯಿತೆಂಬುದು ಸಣ್ಣ ಸಂಗತಿಯಲ್ಲ. ಜುಲೈ 1ನ್ನು ಕರ್ನಾಟಕದ ಪತ್ರಿಕೆಯವರು ಪತ್ರಿಕಾ ದಿನವೆಂದು ಆಚರಿಸುವುದು ಈ ಕಾರಣದಿಂದಲೇ.

ಪತ್ರಿಕೆಯು ಆರು ತಿಂಗಳು ನಡೆಯುವಷ್ಟರಲ್ಲಿ ಮಂಗಳೂರು ಬೇರೊಂದು ಕಾರಣದಿಂದ ಕುದಿಯಿತು. ಮೋಗ್ಲಿಂಗರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾಯ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನೂ ಅವನ ಸಂಗಡಿಗರಿಬ್ಬರೂ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಹೊಂದಿದರು. ಪಟ್ಟಣದಲ್ಲಿ ದೊಡ್ಡ ಗಲಭೆಯಾಯಿತು. ಮನೆಬಿಟ್ಟವರ ನೋವು ಎಂಥದೆಂಬುದು ನಮ್ಮ ಸಭೆಗಳ ಹಿರಿಯರಿಗೆ ಗೊತ್ತು. ಮಕ್ಕಳನ್ನು ಕಳೆದುಕೊಂಡೆವೆಂದು ಅತ್ತ ಮನೆಗಳ ನೋವೂ ನೋವೇ ಎಂಬುದನ್ನು ನಾವು ಮರೆಯಬಾರದು. ಆನಂದರಾಯನು 1846ರಲ್ಲಿ ಬಾಸೆಲಿಗೆ ಹೋಗಿ, ಅಲ್ಲಿ ಕಲಿತು, 1851ರಲ್ಲಿ ಬೋಧಕನಾಗಿ ಮರಳಿದನು. ಪತ್ರಿಕೆಯಾದರೋ 1844ರಲ್ಲಿಯೇ ಮಂಗಳೂರನ್ನು ಬಿಟ್ಟಿತು. ಹೆಚ್ಚು ವಾಚಕರಿಗೆ ಸ್ಫುಟವಾದ ಅಕ್ಷರಗಳಲ್ಲಿ ಕೊಡಬೇಕೆಂದು ಅದನ್ನು ಬಳ್ಳಾರಿಯ ಮೊಳೆಯಚ್ಚಿಗೆ ಒಪ್ಪಿಸಿ, ಕನ್ನಡ ಸಮಾಚಾರವೆಂಬ ಹೆಸರಿಟ್ಟರು. ಅಲ್ಲಿ ಅದು ಬಹುಕಾಲ ಬಾಳಲಿಲ್ಲ. ಸಂಪಾದಕನೊಂದು ಕಡೆ, ಅಚ್ಚು ಘಟ್ಟದಾಚೆ ಇನ್ನೊಂದು ಕಡೆ. ಟಪಾಲು ಕಾಲ್ನಡೆಯಲ್ಲಿ ಹೋಗುತ್ತಿದ್ದ ದಿನಗಳಲ್ಲಿ ಇದು ನಡೆಯುವುದು ಕಷ್ಟವೇ.

ಈಗ ಹೇಳುವ ಸಂಗತಿಯು ನಮ್ಮ ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. 1848ರಿಂದ 1853ರ ವರೆಗೆ ಮೋಗ್ಲಿಂಗರು ಅದೇ ಕಲ್ಲುಗಳ ಮೇಲೆ ಅಚ್ಚುಹಾಕಿಸಿದ್ದು ಜೈಮಿನಿ ಭಾರತವನ್ನು, ಕನ್ನಡ ಭಾರತವನ್ನು, ಬಸವಪುರಾಣವನ್ನು, ಚನ್ನಬಸವಪುರಾಣವನ್ನು, ದಾಸರ ಪದಗಳನ್ನು! ಈ ಮಾಲೆಗೆ ಬಿಬ್ಲಿಯೋಥೆಕಾ ಕರ್ನಾಟಿಕಾ, ಅಂದರೆ ಕರ್ನಾಟಕದ ಪುಸ್ತಕಭಂಡಾರವೆಂದು ಹೆಸರು. ಕಂಪೆನಿಯ ಸೇವೆಯಲ್ಲಿದ್ದು ನಿವೃತ್ತರಾಗಿದ್ದ ಕಾಸಮೇಜರ್ ದೊರೆಗಳು ಇದರ ವೆಚ್ಚಕ್ಕೆ ಹಣ ಕೊಟ್ಟರು. ಸುವಾರ್ತೆ ಸಾರುವುದಕ್ಕೆ ಸಮುದ್ರ ದಾಟಿ ಬಂದವರು ಪುರಾಣಗಳನ್ನು ಅಚ್ಚುಹಾಕಿ ಹಂಚುವುದು ಏತಕ್ಕೆ? ಕ್ರೈಸ್ತನು ದಾಸರ ಪದವನ್ನು ಮುಟ್ಟಬಹುದೋ ಎಂಬ ಪ್ರಶ್ನೆಯು ನಮ್ಮ ಸಭೆಗಳಲ್ಲಿಯೂ ಆಗಾಗ ಏಳುತ್ತದೆ. ಮೋಗ್ಲಿಂಗರು ಆ ಪುರಾಣಗಳ ದೇವರುಗಳನ್ನು ನಂಬಿದವರಲ್ಲ; ನಾಡಿನ ಮತಾಚಾರಗಳನ್ನು ಕುರಿತು ಅವರ ಮಾತು ಅನೇಕ ಸಾರಿ ಬಿರುಸಾಗಿಯೇ ಇತ್ತು, ನಮಗೆ ತೋರುವ ಮಟ್ಟಿಗೆ ಇರಬೇಕಾದದ್ದಕ್ಕಿಂತ ಹೆಚ್ಚಾಗಿತ್ತು. ಆದರೂ ಒಂದು ಜನಾಂಗವು ಅಳುವಾಗಲೂ ಹಾಡುವಾಗಲೂ ಯಾವ ನುಡಿಯನ್ನು ಆಡುವುದೋ ಅದನ್ನು ಅರಿಯದೆ ಅವರೊಡನೆ ಮಾತಾಡಲಾಗದೆಂಬುದನ್ನು ಅವರು ಕಂಡುಕೊಂಡಿದ್ದರು. ಓಲೆಗರಿಯ ಪ್ರತಿಗಳು ಹುಳುಹಿಡಿದು, ಒಬ್ಬನ ತಪ್ಪನ್ನು ಇನ್ನೊಬ್ಬನು ಬರೆಯುತ್ತಾ ಕೆಡುತ್ತಿದ್ದುವು. ಅವರು ಪ್ರತಿಗಳನ್ನು ಕೂಡಿಸಿ, ಓದಿಸಿ, ಬರಿಸಿ, ಕಲ್ಲಿಗೆ ಒಪ್ಪಿಸಿದರು. ತರುವಾಯದ ಪಂಡಿತರು ಇನ್ನೂ ಹೆಚ್ಚು ಓಲೆಗಳನ್ನು ನೋಡಿ ಇವಕ್ಕಿಂತ ಶುದ್ಧವಾದ ಪಾಠಗಳನ್ನು ಕೊಟ್ಟಿದ್ದಾರೆ, ನಿಜ. ಆದರೆ ಮಠದಲ್ಲಿಯೋ ಅರಮನೆಯಲ್ಲಿಯೋ ಕಟ್ಟಿಟ್ಟಿದ್ದ ಕಾವ್ಯವನ್ನು, ಮುಟ್ಟಬಾರದವನೆನಿಸಿಕೊಂಡವನ ಮಗನು ಸಹ ಕೈಯಲ್ಲಿ ಹಿಡಿಯಬಹುದಾದ ಪುಸ್ತಕವನ್ನಾಗಿ ಮಾಡುವ ದಾರಿಯು ಇಂಥ ಅಚ್ಚಿನಿಂದಲೇ ತೆರೆಯಿತು. ಓಲೆಯ ಕಟ್ಟನ್ನು ಯಾರು ಮುಟ್ಟಬಹುದೆಂಬುದಕ್ಕೆ ಕಾವಲಿತ್ತು. ಅಂಗಡಿಯಲ್ಲಿ ಕೊಂಡ ಪುಸ್ತಕಕ್ಕೆ ಕಾವಲಿಲ್ಲ. ನಮ್ಮ ಜನರ ಮಟ್ಟಿಗೆ ಮೋಗ್ಲಿಂಗರ ಅತಿ ದೊಡ್ಡ ಉಪಕಾರವು ಇದೇ ಎಂದು ನಾವು ಎಣಿಸುತ್ತೇವೆ.

ಅಷ್ಟರಲ್ಲಿ ಅಚ್ಚುಕೂಟಕ್ಕೆ ಮೊಳೆಗಳೂ ಬಂದವು. 1851ರ ಸುಮಾರಿಗೆ ಪ್ಲೆಬ್ಸ್ಟ್ ಎಂಬವರು ಬಾಸೆಲಿನಲ್ಲಿ ಹೊಸದಾಗಿ ಮಾಡಿಸಿದ ಕನ್ನಡ ಮೊಳೆಗಳೊಡನೆ ಮಂಗಳೂರಿಗೆ ಬಂದು, ಕಲ್ಲಚ್ಚಿನ ಪಕ್ಕದಲ್ಲಿ ಮೊಳೆಯಚ್ಚನ್ನು ನಿಲ್ಲಿಸಿದರು. ಇವರ ಹೆಸರನ್ನು ನಮ್ಮಲ್ಲಿ ಬಲ್ಲವರಿಲ್ಲ. ಆದರೆ ಇವರ ಕೈಕೆಲಸದ ಕೆಳಗೆ ಮಲಗಿದವರು ಈ ಸೀಮೆಯಲ್ಲಿ ಬಹುಮಂದಿ ಇದ್ದಾರೆ. ನೇತ್ರಾವತಿಯ ಜೇಡಿಮಣ್ಣನ್ನು ನೋಡಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲನೆಯ ಹಂಚಿನ ಕಾರ್ಖಾನೆಯನ್ನು ತೆರೆದವರು ಇವರೇ. ನಾವು ಮಂಗಳೂರು ಹೆಂಚೆಂದು ಕರೆಯುವುದು ಅದರ ಸಂತತಿ.

ಮೋಗ್ಲಿಂಗರು ಒಂದೇ ಕಡೆ ನೆಲೆಸಿ ಹಣ್ಣಾಗುವ ಸ್ವಭಾವದವರಲ್ಲ. 1852ರ ಕೊನೆಗೆ ಅವರು ಯೂರೋಪಿಗೆ ಮರಳಲು ಸಿದ್ಧರಾಗಿದ್ದಾಗ ಕೊಡಗಿನ ಅಲ್ಮಂಡ ಸೋಮಯ್ಯ ಎಂಬವನು ಅವರನ್ನು ಹುಡುಕಿಕೊಂಡು ಬಂದನು. ಹೊರಟಿದ್ದ ಪ್ರಯಾಣವು ನಿಂತಿತು. ಘಟ್ಟ ಹತ್ತಿ ಕೊಡಗಿಗೆ ಹೋದರು. ಕೊಡಗಿನಲ್ಲಿ ಭೂಮಿಗೆ ಕಟ್ಟುಬಿದ್ದು ತಲೆತಲಾಂತರ ಜೀತ ಮಾಡುತ್ತಿದ್ದವರಲ್ಲಿ ಸುವಾರ್ತೆಯನ್ನು ಒಪ್ಪಿದವರಿಗಾಗಿ ಆನಂದಪುರವೆಂಬ ಊರು ಆ ಕಾಲದಲ್ಲಿಯೇ ಎದ್ದಿತು. ಪರರ ಗದ್ದೆಯಲ್ಲಿ ದುಡಿದು ಪರರ ಅಂಗಳದಲ್ಲಿ ಉಂಡವರಿಗೆ ನಿಲ್ಲುವುದಕ್ಕೆ ಒಂದು ನೆಲವೆಂದರೇನೆಂಬುದನ್ನು ನಾವು ಇಲ್ಲಿ ಬಿಡಿಸಿ ಹೇಳಬೇಕಾದದ್ದಿಲ್ಲ. ಕೊಡಗಿನ ಚರಿತ್ರೆಯನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕವು 1855ರಲ್ಲಿ ಹೊರಬಂತು. ಅದು ಅಚ್ಚಾದದ್ದು ಮಂಗಳೂರಿನಲ್ಲಲ್ಲ, ನಮ್ಮ ಬೆಂಗಳೂರಿನ ವೆಸ್ಲಿಯನ್ ಅಚ್ಚುಕೂಟದಲ್ಲಿ. ಅದೇ ವರುಷ ವೈಗಲ್ ಅಯ್ಯನವರು ತೀರಿಕೊಂಡರು. ವಿಧವೆಯಾದ ಪೌಲೀನ ಅಮ್ಮನವರನ್ನು ಮೋಗ್ಲಿಂಗರು ತರುವಾಯ ವಿವಾಹವಾದರು. 1858ರಲ್ಲಿ, ಕನ್ನಡಕ್ಕಾಗಿ ಮಾಡಿದ ಕೆಲಸವನ್ನು ಮೆಚ್ಚಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಬಿರುದನ್ನು ಕೊಟ್ಟಿತು. ಎಲ್ಲಿ ದೇವಶಾಸ್ತ್ರವನ್ನು ಓದಿದರೋ ಅಲ್ಲಿಂದಲೇ ಪುರಾಣಗಳನ್ನೂ ದಾಸರ ಪದಗಳನ್ನೂ ಅಚ್ಚುಹಾಕಿದ್ದಕ್ಕೆ ಮರ್ಯಾದೆ ದೊರೆಯಿತು.

1860ರಲ್ಲಿ ಅವರು ಈ ದೇಶವನ್ನು ಬಿಟ್ಟರು, ಮತ್ತೆ ಬರಲಿಲ್ಲ. ಸ್ವದೇಶದಲ್ಲಿದ್ದ ವರುಷಗಳಲ್ಲಿ ಕನ್ನಡ ಹಾಡುಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ವಿದ್ವಾಂಸರ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಮೊದಲು ಜರ್ಮನಿಯಿಂದ ಕನ್ನಡನಾಡಿಗೆ ಮಾತು ತಂದವರು ಹೀಗೆ ಕನ್ನಡನಾಡಿನ ಮಾತನ್ನು ಜರ್ಮನಿಗೆ ಹೊತ್ತರು. 1881ನೆಯ ಇಸವಿ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ನಿದ್ರೆಹೋದರು. ಅವರ ಸ್ನೇಹಿತರೂ, ಮಲೆಯಾಳ ಭಾಷೆಗೆ ನಿಘಂಟು ರಚಿಸಿದವರೂ ಆದ ಗುಂಡರ್ಟ್ ಅಯ್ಯನವರು ಮರುವರುಷವೇ ಅವರ ಜೀವಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದು ಪ್ರಕಟಿಸಿದರು.

ಅಚ್ಚುಕೂಟವು ಅವರ ಹಿಂದೆ ಬೆಳೆಯಿತು. 1872ರಲ್ಲಿ ಕಿಟ್ಟೆಲ್ ಅಯ್ಯನವರು ಪರಿಷ್ಕರಿಸಿದ ಕೇಶಿರಾಜನ ಶಬ್ದಮಣಿದರ್ಪಣವೂ, 1894ರಲ್ಲಿ ಅವರದೇ ಕನ್ನಡ–ಇಂಗ್ಲಿಷ್ ನಿಘಂಟೂ ಅಲ್ಲಿಯೇ ಅಚ್ಚಾದವು. ಆ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅಷ್ಟು ಮಾತುಗಳನ್ನೂ ಗುಣಿತ ಒತ್ತುಗಳ ಸಹಿತ ಮೊಳೆಮೊಳೆಯಾಗಿ ಜೋಡಿಸಿದವರು ಮಂಗಳೂರಿನ ಅಚ್ಚುಕೂಟದ ಕೆಲಸದವರು.

ಮಂಗಳೂರಿಗೆ ಹೋಗುವ ವಾಚಕರು ಬಲ್ಮಠದ ಗುಡ್ಡವನ್ನು ಹತ್ತಿ ನೋಡಬೇಕು. ಮೋಗ್ಲಿಂಗರು ತೆರೆದ ಉಪದೇಶಿಗಳ ಶಾಲೆಯು 1847ರಲ್ಲಿ ಅಲ್ಲಿಗೆ ಬಂತು. ಈಗ ಅಲ್ಲಿ ಕರ್ನಾಟಕ ತಿಯೊಲಾಜಿಕಲ್ ಕಾಲೇಜು ಇದೆ, ಬಾಸೆಲ್ ಅಚ್ಚುಕೂಟದ ಹಳೆಯ ಪುಸ್ತಕಗಳನ್ನು ಅಲ್ಲಿ ಕಾಪಾಡಿದ್ದಾರೆ. ಕಲ್ಲಚ್ಚಿನ ಪುಸ್ತಕವೊಂದನ್ನು ಬಿಡಿಸಿದರೆ ಮೊಳೆಯ ಅಕ್ಷರಗಳು ಕಾಣುವುದಿಲ್ಲ. ಕಾಣುವುದು ಒಬ್ಬ ಮನುಷ್ಯನ ಕೈಬರಹ, ಸಾಲು ಬಾಗದೆ, ಒತ್ತು ತಪ್ಪದೆ. ಅವನು ಬರೆದ ಕಲ್ಲನ್ನು ಅಂದೇ ಉಜ್ಜಿ ಬೇರೊಂದು ಪುಟಕ್ಕೆ ಕೊಟ್ಟಿದ್ದಾರು.