ಕೈಗವಸು ಕೊಟ್ಟ ಸರ್ಜನ್‌ಗೆ ಮಾರ್ಫಿನ್ ಬಿಡಲು ಆಗಲಿಲ್ಲ ಏಕೆ? ನೋವಿನ ಮಾತ್ರೆ ನಿಲ್ಲಿಸುವವರು ತಿಳಿಯಬೇಕಾದ ಕಥೆ

ಬಲವಾದ ನೋವಿನ ಮಾತ್ರೆಗೆ ಒಗ್ಗಿಹೋದವರಿಗೆ ನಮ್ಮಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಮನಸ್ಸು ಗಟ್ಟಿ ಮಾಡಿಕೊಳ್ಳಿ, ಇವತ್ತೇ ಬಿಟ್ಟುಬಿಡಿ. ಆಗದಿದ್ದರೆ ಮನೋಬಲ ಇಲ್ಲ ಎಂಬ ಹಣೆಪಟ್ಟಿ. ಇದು ಎಷ್ಟು ನಿಜ? ಉತ್ತರಕ್ಕೆ ಡಾ. ವಿಲಿಯಂ ಸ್ಟೀವರ್ಟ್ ಹಾಲ್‌ಸ್ಟೆಡ್ ಅವರ ಬದುಕನ್ನು ನೋಡಬೇಕು. ಆಪರೇಷನ್ ಥಿಯೇಟರಿನಲ್ಲಿ ರಬ್ಬರ್ ಕೈಗವಸು ರೂಢಿಗೆ ಬರಲು ಮುಖ್ಯ ಕಾರಣರಾದವರು ಇವರೇ.

ಹಾಲ್‌ಸ್ಟೆಡ್ ಹುಟ್ಟಿದ್ದು 1852ರಲ್ಲಿ, ನ್ಯೂಯಾರ್ಕಿನ ಶ್ರೀಮಂತ ಮನೆಯಲ್ಲಿ. ಯೇಲ್ ಕಾಲೇಜಿನಲ್ಲಿದ್ದಾಗ ಫುಟ್‌ಬಾಲ್ ಹುಚ್ಚು. ಆಮೇಲೆ ವೈದ್ಯಕೀಯ ಓದಿ, ಯುರೋಪಿನಲ್ಲಿ ಎರಡು ವರ್ಷ ಕಲಿತು ಬಂದರು. ಧೈರ್ಯಕ್ಕೆ ಕೊರತೆಯೇ ಇರಲಿಲ್ಲ. 1881ರಲ್ಲಿ ಹೆರಿಗೆಯ ನಂತರ ರಕ್ತಸ್ರಾವದಿಂದ ಸಾಯುವ ಸ್ಥಿತಿಯಲ್ಲಿದ್ದ ತಂಗಿಗೆ ತಮ್ಮದೇ ರಕ್ತ ಕೊಟ್ಟು ಉಳಿಸಿದರು. ರಕ್ತದ ಗುಂಪುಗಳ ಬಗ್ಗೆ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಮರುವರ್ಷ ತಾಯಿಯ ಪಿತ್ತಕೋಶದ ಆಪರೇಷನ್ನನ್ನು ಮನೆಯಲ್ಲೇ ಮಾಡಿದರು. ಇಂಥವರನ್ನು ಮನೋಬಲ ಇಲ್ಲದವರು ಎನ್ನಲಾದೀತೇ?

ಒಂದು ಬಿಡಿಸಲು ಹೋಗಿ ಇನ್ನೊಂದು

1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್, ಕೊಕೇನ್ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತದೆ ಎಂದು ತೋರಿಸಿದರು. ಹಾಲ್‌ಸ್ಟೆಡ್ ಮತ್ತು ಅವರ ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನರಗಳ ಬಳಿಗೇ ಕೊಕೇನ್ ಚುಚ್ಚಿ ಪ್ರಯೋಗ ಮಾಡಿದರು, ಅದೂ ತಮ್ಮ ಮೈಮೇಲೆ. ಇಂದು ಹಲ್ಲು ಕೀಳುವ ಮೊದಲು ಡಾಕ್ಟರು ಕೊಡುವ ಮರಗಟ್ಟಿಸುವ ಇಂಜೆಕ್ಷನ್ನಿನ ಮೂಲ ಅಲ್ಲಿದೆ. ಕೊಕೇನ್ ಚಟ ಹಿಡಿಸುತ್ತದೆ ಎಂದು ಅವರಿಗೆ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಹಾಲ್‌ಸ್ಟೆಡ್ ಸಿಕ್ಕಿಬಿದ್ದಿದ್ದರು. ಜೊತೆಗಿದ್ದ ಹಲವರ ವೃತ್ತಿಯೇ ಮುಗಿದುಹೋಯಿತು.

1886ರಲ್ಲಿ ಅವರು ಪ್ರಾವಿಡೆನ್ಸ್ ಊರಿನ ಬಟ್ಲರ್ ಆಸ್ಪತ್ರೆಗೆ ಸೇರಿದರು. ಕೊಕೇನ್ ಬಿಡಿಸಲು ಮಾರ್ಫಿನ್ ಕೊಡುವುದು ಆ ಕಾಲದ ವೈದ್ಯರ ರೂಢಿ. ಹೀಗೆ ಚಿಕಿತ್ಸೆ ಎಂದು ಮೈಗೆ ಸೇರಿದ ಮಾರ್ಫಿನ್ ಅಲ್ಲೇ ಉಳಿದುಬಿಟ್ಟಿತು.

ಗೆಳೆಯ ವಿಲಿಯಂ ವೆಲ್ಚ್ ಕೈಬಿಡಲಿಲ್ಲ. ಬಾಲ್ಟಿಮೋರಿಗೆ ಕರೆದುಕೊಂಡು ಹೋಗಿ ತಮ್ಮ ಪ್ರಯೋಗಾಲಯದಲ್ಲಿ ಜಾಗ ಕೊಟ್ಟರು. 1889ರಲ್ಲಿ ಅಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾಯಿತು. ಮರುವರ್ಷ ಹಾಲ್‌ಸ್ಟೆಡ್ ಅದರ ಮುಖ್ಯ ಸರ್ಜನ್ ಆದರು. ಥಿಯೇಟರಿನ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ ಕ್ರಿಮಿನಾಶಕ ದ್ರಾವಣದಿಂದ ಬೆಂದಂತಾಗುತ್ತಿತ್ತು. ಅವರಿಗಾಗಿ ಹಾಲ್‌ಸ್ಟೆಡ್ ರಬ್ಬರ್ ಕಂಪನಿಯಿಂದ ತೆಳು ಕೈಗವಸು ಮಾಡಿಸಿದರು. 1890ರಲ್ಲಿ ಇಬ್ಬರ ಮದುವೆಯೂ ಆಯಿತು. ಕಿರಿಯ ವೈದ್ಯರು ಆಸ್ಪತ್ರೆಯಲ್ಲೇ ಇದ್ದು ಹಂತಹಂತವಾಗಿ ಸರ್ಜರಿ ಕಲಿಯುವ ಕ್ರಮವನ್ನು ಕಟ್ಟಿದ್ದೂ ಇವರೇ.

ಹೊರಗಿನವರಿಗೆ ಅವರು ಚಟದಿಂದ ಗೆದ್ದು ಬಂದವರು. ಆದರೆ ಸಹೋದ್ಯೋಗಿ ವಿಲಿಯಂ ಆಸ್ಲರ್‌ಗೆ ನಿಜ ಗೊತ್ತಿತ್ತು. ಹಾಲ್‌ಸ್ಟೆಡ್ ಒಮ್ಮೆ ಚಳಿಜ್ವರ ಬಂದವರಂತೆ ನಡುಗುತ್ತಿದ್ದುದನ್ನು ಅವರು ಕಂಡಿದ್ದರು. ಆಗ ಮಾರ್ಫಿನ್ ಇನ್ನೂ ಬಿಟ್ಟಿಲ್ಲ ಎಂಬುದು ತಿಳಿಯಿತು. ದಿನಕ್ಕೆ ಸುಮಾರು 200 ಮಿಲಿಗ್ರಾಂಗಿಂತ ಕೆಳಗೆ ಇಳಿಸಲು ಅವರಿಂದ ಆಗಿರಲಿಲ್ಲ. ಮುಂದೆ ವರ್ಷಗಟ್ಟಲೆ ಹೆಣಗಿ ಪ್ರಮಾಣವನ್ನು ತಗ್ಗಿಸಿದರು. ಆಸ್ಲರ್ ಇದನ್ನೆಲ್ಲ ಬರೆದಿಟ್ಟು ಗುಟ್ಟಾಗಿ ಇರಿಸಿದ್ದರು. ಹಾಲ್‌ಸ್ಟೆಡ್ 1922ರಲ್ಲಿ, ಪಿತ್ತಕೋಶದ ಕಲ್ಲಿನ ಆಪರೇಷನ್ನಿನ ನಂತರ ತೀರಿಕೊಂಡರು. ಆ ಬರಹ ಹೊರಬಂದದ್ದು 1969ರಲ್ಲಿ.

ಆ ನಡುಕ ಏನು?

ಮಾರ್ಫಿನ್, ಕೊಡೀನ್, ಟ್ರಮಡಾಲ್, ಟಪೆಂಟಡಾಲ್, ಫೆಂಟನಿಲ್ ಇವೆಲ್ಲ ಓಪಿಯಾಯ್ಡ್ ಗುಂಪಿನ ಔಷಧಿಗಳು. ಪ್ಯಾರಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಈ ಗುಂಪಿಗೆ ಸೇರುವುದಿಲ್ಲ.

ಓಪಿಯಾಯ್ಡ್‌ಗಳು ಮಿದುಳಿನ ಎಚ್ಚರದ ವ್ಯವಸ್ಥೆಯನ್ನು ತಗ್ಗಿಸುತ್ತವೆ. ವಾರಗಟ್ಟಲೆ ಹೀಗೆ ತಗ್ಗಿಸಿದರೆ ಮಿದುಳು ಅದಕ್ಕೆ ಎದುರಾಗಿ ಹೆಚ್ಚು ಜೋರಾಗಿ ಕೆಲಸ ಮಾಡಲು ಕಲಿಯುತ್ತದೆ. ಒತ್ತಿ ಹಿಡಿದ ಸ್ಪ್ರಿಂಗನ್ನು ಒಮ್ಮೆಲೇ ಬಿಟ್ಟಂತೆ, ಮಾತ್ರೆ ನಿಲ್ಲಿಸಿದ ಕೂಡಲೇ ಅದು ಪುಟಿದೇಳುತ್ತದೆ. ಆಕಳಿಕೆ, ಮೂಗು ಸೋರುವುದು, ಕಣ್ಣೀರು, ಬೆವರು, ಮೈ ಜುಮ್ಮೆನ್ನುವುದು, ಹೊಟ್ಟೆ ನುಲಿತ, ಭೇದಿ, ನಿದ್ದೆ ಇಲ್ಲದಿರುವುದು, ಚಡಪಡಿಕೆ ಎಲ್ಲ ಇದರ ಫಲ. ಬೇಗ ಇಳಿಯುವ ಮಾತ್ರೆಗಳಲ್ಲಿ ಇದು ಕೊನೆಯ ಡೋಸಿನ 8ರಿಂದ 24 ಗಂಟೆಯೊಳಗೆ ಶುರುವಾಗಿ, ಎರಡು-ಮೂರನೇ ದಿನ ತಾರಕಕ್ಕೇರಿ, ಹೆಚ್ಚಿನವರಲ್ಲಿ 10 ದಿನದೊಳಗೆ ಇಳಿಯುತ್ತದೆ. ನಿದ್ದೆ ಸರಿಯಾಗಲು ಇನ್ನಷ್ಟು ವಾರ ಬೇಕಾಗಬಹುದು. ಡಾಕ್ಟರು ಬರೆದಂತೆಯೇ ತೆಗೆದುಕೊಂಡವರಿಗೂ ಇದು ಆಗಬಹುದು. ಇದು ದೇಹದ ಲೆಕ್ಕಾಚಾರ, ನಡತೆಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಬಿಡುವುದು ಹೇಗೆ?

• ಒಮ್ಮೆಲೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ ಬಳಿ ಹೋಗಿ, ನಿಜವಾಗಿ ಎಷ್ಟು ಮಾತ್ರೆ ನುಂಗುತ್ತಿದ್ದೀರಿ ಎಂದು ಮುಚ್ಚಿಡದೆ ಹೇಳಿ.

• ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇ 10ರಷ್ಟು, ಇಲ್ಲವೇ ಇನ್ನೂ ನಿಧಾನವಾಗಿ ಇಳಿಸುವುದು ಒಳ್ಳೆಯದು. ಕಷ್ಟವಾದರೆ ಡಾಕ್ಟರ ಸಲಹೆಯಂತೆ ಕೆಲದಿನ ಅದೇ ಪ್ರಮಾಣದಲ್ಲಿ ನಿಲ್ಲಬಹುದು. ಅದು ಸೋಲಲ್ಲ.

• ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ನೀವೇ ಮುರಿಯಬೇಡಿ, ಪುಡಿ ಮಾಡಬೇಡಿ.

• ಭೇದಿ, ವಾಂತಿ ಇದ್ದರೆ ಓಆರ್‌ಎಸ್ ಕುಡಿಯಿರಿ. ನಡುಕ, ಬೆವರಿಗೆ ಕ್ಲೋನಿಡಿನ್, ತೀವ್ರ ಅವಲಂಬನೆಗೆ ಬುಪ್ರೆನಾರ್ಫಿನ್‌ನಂಥ ಔಷಧಿಗಳಿವೆ. ಹಾಲ್‌ಸ್ಟೆಡ್ ಕಾಲದಲ್ಲಿ ಇವು ಇರಲಿಲ್ಲ. ಇವನ್ನು ಡಾಕ್ಟರ ನಿಗಾದಲ್ಲೇ ತೆಗೆದುಕೊಳ್ಳಬೇಕು.

• ಗರ್ಭಿಣಿಯರು ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು.

• ಅತಿ ಮುಖ್ಯವಾದದ್ದು: ಕೆಲವು ದಿನ ಬಿಟ್ಟವರು ತಡೆಯಲಾರದೆ ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಂತು ಸಾವು ಬರಬಹುದು. ಅಷ್ಟರಲ್ಲಿ ದೇಹದ ತಾಳಿಕೆ ಕಡಿಮೆಯಾಗಿರುತ್ತದೆ. ಹಠಕ್ಕೆ ಬಿದ್ದು ಬಿಡುವುದರಲ್ಲಿರುವ ದೊಡ್ಡ ಅಪಾಯ ಇದೇ.

ಇನ್ನೊಂದು ಮಾತು. ಇದನ್ನು ಓದಿ, ಕ್ಯಾನ್ಸರ್ ನೋವಿಗೆ ಕೊಟ್ಟ ಮಾರ್ಫಿನ್ನನ್ನು ಹೆದರಿ ನಿಲ್ಲಿಸಬೇಡಿ. ಅಲ್ಲಿ ಅದು ಬೇಕೇಬೇಕಾದ ಔಷಧಿ.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರಿನಲ್ಲಿದ್ದು, ತೋಟದ ಕೆಲಸದ ಸೊಂಟನೋವಿಗೆಂದು ಶುರುವಾದ ಮಾತ್ರೆ ಬಿಡಲಾಗುತ್ತಿಲ್ಲವೇ? ಹಾಸನದ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮನೆಯಿಂದಲೇ ಮಾತಾಡಲು ಟೆಲಿ ಮಾನಸ್ 14416 ಮತ್ತು ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಇವೆ, ಎರಡೂ ಉಚಿತ.

ಹಾಲ್‌ಸ್ಟೆಡ್ ಸುತ್ತ ದೇಶದ ಅತ್ಯುತ್ತಮ ವೈದ್ಯರಿದ್ದರು. ಆದರೂ ಮರ್ಯಾದೆಗೆ ಅಂಜಿ ಜೀವಮಾನವಿಡೀ ಗುಟ್ಟು ಕಾಯಬೇಕಾಯಿತು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಒದ್ದಾಡುತ್ತಿದ್ದರೆ ಬೈಯುವ ಮೊದಲು ಈ ಎರಡು ನಂಬರ್ ಕೊಡಿ.